ಹಾರಿಹೋದ ಇಪ್ಪತ್ತು ವರ್ಷ

ನನ್ನ ಓದುಗರಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದಿದವರು ಧರ್ಮಪುರದ ಹೊನ್ನಮ್ಮ. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನಿಂದ ಗ್ರಂಥಾಲಯದ ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ಅಲ್ಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೊನ್ನಮ್ಮನ ಜಗಲಿಯಲ್ಲಿ ಏಳೆಂಟು ಹೆಂಗಸರು ಬಿತ್ತನೆ ಶೇಂಗಾ ಸುಲಿಯುತ್ತ ಭಾಗ ಭಾಗವಾಗಿ ಬರುತ್ತಿದ್ದ ಒಂದು ಮಾಯಾಲೋಕದ ಕಾದಂಬರಿ ಕೇಳುತ್ತಿದ್ದರು. ಒಬ್ಬಳು ಗಟ್ಟಿಯಾಗಿ ಓದಿದರೆ, ಅವಳ ಪಾಲಿನ ಕಾಯನ್ನು ಉಳಿದವರು ಸುಲಿದುಕೊಡಬೇಕು.

ಒಂದು ದಿನ ನಾಲ್ಕನೇ ಭಾಗ ವಾಪಸ್ ಕೇಳಿದರೆ ಕೊಡಲೇ ಇಲ್ಲ.

“ನಡುವಿನ ಪುಸ್ತಕ ಎಲ್ಲೈತ್ರಿ?” ಎಂದು ಹೊನ್ನಮ್ಮ ಗದರಿದರು. “ಮೂರನೇದ್ರಾಗೆ ರಾಜನ ಮಗಳು ತೊಟ್ಟಿಲ ಕೂಸು. ಇದ್ರಾಗೆ ನೋಡಿದ್ರೆ ರೆಕ್ಕೆ ಕುದ್ರೆ ಹತ್ತಿ ರಾಜ್ಯ ಆಳ್ತಾಳೆ. ಅದನ್ನ ತಂದ್ಕೊಟ್ಟು ಇದನ್ನ ತಗಂಡೋಗ್ರಿ.”

ಪುಸ್ತಕ ಕದ್ದವನು ನಾನೇ ಎಂಬಂತೆ ಎಲ್ಲರೂ ನೋಡಿದರು. “ಬರೆದವರೇ ಇಪ್ಪತ್ತು ವರ್ಷ ಹಾರಿಸಿದ್ದಾರಮ್ಮ” ಎಂದೆ.

“ಹಾರಿಸಿದ್ರೆ ಕೂಸು ತಾನಾಗೇ ಬೆಳೀತೈತಾ? ಕೋಟೆಯಿಂದ ಎತ್ಕಂಡು ಓಡಿದ್ಲಲ್ಲ ಸೂಲಗಿತ್ತಿ, ಅವಳೇ ಸಾಕಿರಾದು” ಎಂದು ಶುರುಮಾಡಿದ ಹೊನ್ನಮ್ಮ ಇಪ್ಪತ್ತು ವರ್ಷವನ್ನೂ ಹೇಳಿದರು. ಕೂಸಿಗೆ ಜ್ವರ ಬಂದದ್ದು, ಸೂಲಗಿತ್ತಿ ಕುದುರೆಗೆ ಮೇವು ಕದ್ದದ್ದು, ಯಾವುದನ್ನೂ ಬಿಡಲಿಲ್ಲ. ನನ್ನ ಬಸ್ಸು ಹೊರಟುಹೋಯಿತು. ನಾನೂ ಕೂತು ಶೇಂಗಾ ಸುಲಿದೆ.

ಮರುವರ್ಷ ಐದನೇ ಭಾಗ ಬಂತು. ಅದರಲ್ಲಿ ಸೂಲಗಿತ್ತಿ ಕೋಟೆ ಬಾಗಿಲಲ್ಲೇ ಸತ್ತಿದ್ದಳು. ಕೂಸನ್ನು ಸಾಕಿದವನು ಯಾವನೋ ಋಷಿ. ಓದು ಮುಗಿದಾಗ ಎಲ್ಲರೂ ಹೊನ್ನಮ್ಮನ ಮುಖ ನೋಡಿದರು.

ಆಕೆ ಶೇಂಗಾಕಾಯಿ ಒಡೆಯುತ್ತಲೇ ಹೇಳಿದರು: “ಬರ್ದೋನು ಸರಿಯಾಗಿ ಓದಿಲ್ಲ ಬಿಡ್ರಿ.”

ಆ ಪುಸ್ತಕವನ್ನು ಮಾತ್ರ ನಾನು ಕೇಳುವ ಮೊದಲೇ ನನ್ನ ಚೀಲಕ್ಕೆ ಹಾಕಿದರು.