ಹಳದಿ ಸಿಸ್ಟರ್, ನೀಲಿ ಡ್ರೈವರ್

ಕದ್ವಾಡದ ಸಂಧ್ಯಾ ಚಿಕ್ಕಂದಿನಲ್ಲಿ ತಿಂದ ಬೈಗುಳವೆಲ್ಲ ಬಾಯಿಯ ದೆಸೆಯಿಂದಲೇ. ಗದ್ದೆಯಲ್ಲಿ ಸಸಿ ಕೀಳುವಾಗಲೂ ಮಾತು, ಊಟಕ್ಕೆ ಕೂತರೂ ಮಾತು. ‘ಈ ಹುಡುಗಿಯ ಬಾಯಿಗೆ ಬೀಗ ಇಲ್ಲ’ ಎಂದು ಅಪ್ಪ ಬಂದವರೆದುರೆಲ್ಲ ಹೇಳುತ್ತಿದ್ದ. ನರ್ಸಿಂಗ್ ಕಲಿತು ಆಂಬುಲೆನ್ಸಿನ ಕೆಲಸಕ್ಕೆ ಸೇರಿದ ಮೇಲೂ ಆ ಮಾತು ಅವಳ ಮನಸ್ಸಿನಿಂದ ಹೋಗಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಆಂಬುಲೆನ್ಸ್ ಕೆಲಸದವರಿಗೆಲ್ಲ ಹುಬ್ಬಳ್ಳಿಯಲ್ಲಿ ತರಬೇತಿ ನಡೆಯಿತು. ಕಲಿಸಲು ಬಂದಾಕೆ ಎಲ್ಲರಿಂದ ಪ್ರಶ್ನೆಗಳಿಗೆ ಉತ್ತರ ಬರೆಸಿ, ಮನುಷ್ಯ ಸ್ವಭಾವಗಳನ್ನು ನಾಲ್ಕು ಬಣ್ಣ ಮಾಡಿ ತೋರಿಸಿದಳು. ಮುನ್ನುಗ್ಗುವವರು ಕೆಂಪು, ಹೊಂದಿಕೊಂಡು ಹೋಗುವವರು ಹಸಿರು, ತಮ್ಮಷ್ಟಕ್ಕೆ ಯೋಚಿಸಿ ಕೆಲಸ ಮುಗಿಸುವವರು ನೀಲಿ. ಸಂಧ್ಯಾ ಹಳದಿ. “ಹಳದಿಯವರು ಮಾತಾಡುತ್ತಲೇ ಯೋಚಿಸುತ್ತಾರೆ. ಅದು ದೋಷವಲ್ಲ, ಅವರ ರೀತಿ,” ಎಂದಳು ಆಕೆ. ಸಂಧ್ಯಾಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಅದು ದೋಷವಲ್ಲ ಅಂದವರು ಆಕೆಯೊಬ್ಬಳೇ.

ಹೊಂದಾಣಿಕೆಯ ಪಾಠದಲ್ಲಿ ಆಕೆ ಇನ್ನೊಂದು ಮಾತು ಹೇಳಿದಳು. ಹಳದಿ ಮತ್ತು ನೀಲಿ ತುರ್ತಿನ ಕೆಲಸದಲ್ಲಿ ಜೊತೆಯಾದರೆ ತಿಕ್ಕಾಟ ತಪ್ಪಿದ್ದಲ್ಲ. ಸಂಧ್ಯಾ ತಿರುಗಿ ಹಿಂದಿನ ಸಾಲು ನೋಡಿದಳು. ಅವಳ ಗಾಡಿಯ ಡ್ರೈವರ್, ಬೆಳಂಬಾರದ ಜಟ್ಟು ಗೌಡ, ತನಗೆ ಬಂದ ನೀಲಿ ಚೀಟಿ ಕಿಸೆಗೆ ಹಾಕಿಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದ. ಏನು ಕೇಳಿದರೂ ‘ಹ್ಞೂಂ’ ಅನ್ನುವ, ಅದೂ ಇಲ್ಲದೆ ಗಾಡಿ ಹೊಡೆಯುವ ಮನುಷ್ಯ.

ಊರಿಗೆ ಬಂದವಳೇ ಮೇಲ್ವಿಚಾರಕ ಅಶೋಕನಿಗೆ ಫೋನ್ ಮಾಡಿದಳು. “ಸರ್, ನಂಗೆ ಬೇರೆ ಡ್ರೈವರ್ ಕೊಡಿ. ನಮ್ಮಿಬ್ರ ಸ್ವಭಾವ ಹೊಂದೂದಿಲ್ಲ.”

“ಮಳೆಗಾಲ ಒಂದು ಕಳೀಲಿ, ನೋಡುವಾ,” ಅಂದ ಅಶೋಕ.

ಮಳೆಗಾಲ ಇನ್ನೂ ಕಳೆದಿರಲಿಲ್ಲ. ಜುಲೈಯ ಒಂದು ಮಧ್ಯಾಹ್ನ ಅಂಕೋಲಾದ ಆಸ್ಪತ್ರೆಯಿಂದ ಕವಿತಾ ಎಂಬ ಬಸುರಿಯನ್ನು ಕಾರವಾರಕ್ಕೆ ಒಯ್ಯಬೇಕಾಯಿತು. ರಕ್ತದೊತ್ತಡ ಏರಿತ್ತು, ನೋವೂ ಶುರುವಾಗಿತ್ತು. ಜೊತೆಗೆ ಅವಳ ಅತ್ತೆ ಹೊನ್ನಮ್ಮ. ಅವರ್ಸಾ ದಾಟುವಷ್ಟರಲ್ಲಿ ನೋವು ಒಂದರ ಬೆನ್ನಿಗೊಂದು ಬರತೊಡಗಿತು. ಮಳೆಯ ಸದ್ದಿನಲ್ಲಿ ಸಂಧ್ಯಾ ಮುಂದಿನ ಸಣ್ಣ ಕಿಟಕಿಗೆ ಬಾಯಿಟ್ಟು ಕೂಗಿದಳು: “ಜಟ್ಟಣ್ಣ, ಇನ್ನೆಷ್ಟು ಹೊತ್ತು?”

ಗಾಡಿ ನಿಂತಿತು.

ಗುಡ್ಡದ ಮಣ್ಣು ಜಾರಿ ರಸ್ತೆಯ ಒಂದು ಬದಿ ಮುಚ್ಚಿಹೋಗಿತ್ತು. ಮುಂದೆ ಲಾರಿಗಳ ಸಾಲು, ಹಿಂದೆಯೂ ಅಷ್ಟೇ. ಸಂಧ್ಯಾ ಮತ್ತೆ ಕೂಗಿದಳು. ಇಣುಕಿದರೆ ಡ್ರೈವರ್ ಸೀಟು ಖಾಲಿ, ಬಾಗಿಲು ತೆರೆದೇ ಇತ್ತು. ಮಳೆ ಸೀಟಿನ ಮೇಲೆ ಬಡಿಯುತ್ತಿತ್ತು.

“ಡ್ರೈವರ್ ಓಡಿ ಹೋದ್ನೇ ಸಿಸ್ಟರೇ?” ಹೊನ್ನಮ್ಮ ಎದೆ ಬಡಿದುಕೊಂಡಳು. “ನಮ್ಮನ್ನ ನಡುರಸ್ತೆಲಿ ಬಿಟ್ಟು ಹೋದ್ನೇ?”

ಅತ್ತೆಯ ಅಳು ಕೇಳಿ ಕವಿತಾ ಕೈಕಾಲು ಬಡಿಯತೊಡಗಿದಳು. ಸಂಧ್ಯಾ ‘ಇಲ್ಲೇ ಇದ್ದಾನೆ, ಬರ್ತಾನೆ’ ಎಂದು ಹೇಳಿದಳಾದರೂ ಅವನೆಲ್ಲಿ ಹೋದ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಕವಿತಾಳ ಭುಜ ಒತ್ತಿ ಹಿಡಿದು, ಇನ್ನೊಂದರಿಂದ ಹೆರಿಗೆ ಸಾಮಾನಿನ ಪೊಟ್ಟಣ ಬಿಚ್ಚಿದಳು. ಮಗುವಿನ ತಲೆ ಕಾಣಿಸುತ್ತಿತ್ತು.

ಅಷ್ಟರಲ್ಲಿ ಗಾಡಿ ಅಲುಗಿತು. ಜಟ್ಟು ಅಡಿಯಿಂದ ಮುಡಿಯವರೆಗೆ ನೆನೆದು ಸೀಟಿನಲ್ಲಿದ್ದ. ಮುಂದೆ ಓಡಿ ಲಾರಿಯವರನ್ನು ಒಬ್ಬೊಬ್ಬರಾಗಿ ಬದಿಗೆ ಸರಿಸಿ, ಪೊಲೀಸರಿಗೆ ಹೇಳಿ ಎದುರು ವಾಹನಗಳ ಬದಿಯಲ್ಲಿ ದಾರಿ ಬಿಡಿಸಿ ಬಂದಿದ್ದ.

“ಹೇಳಿ ಹೋಗೂಕೆ ಏನಾಗ್ತಿತ್ತು ನಿಮಗೆ?” ಸಂಧ್ಯಾ ಕಿರುಚಿದಳು. ಜಟ್ಟು ಗೇರ್ ಹಾಕಿದ.

ಮಣ್ಣು ದಾಟಿ ಸ್ವಲ್ಪ ಮುಂದೆ ಬರುತ್ತಲೇ ಅವಳು “ಗಾಡಿ ನಿಲ್ಸಿ! ಇಲ್ಲೇ ಆಗ್ತದೆ!” ಎಂದಳು. ಗಾಡಿ ಬದಿಗೆ ನಿಂತಿತು. ಮಗು ಹೊರಗೆ ಬಂತು. ಹೆಣ್ಣು ಮಗು, ಮೈ ನೀಲಿಗಟ್ಟಿತ್ತು. ಅಳಲಿಲ್ಲ.

ಸಂಧ್ಯಾ ತನ್ನ ಅಭ್ಯಾಸದಂತೆ ಗಟ್ಟಿಯಾಗಿಯೇ ಯೋಚಿಸುತ್ತಿದ್ದಳು. “ಒರೆಸಬೇಕು, ಒಣ ಬಟ್ಟೆ, ಬಟ್ಟೆ ಎಲ್ಲಿ… ಬಾಯಿ ಮೂಗು ಚೊಕ್ಕ ಮಾಡಬೇಕು… ಬೆನ್ನು ತಿಕ್ಕಿದೆ, ಇಲ್ಲ, ಇನ್ನೂ ಇಲ್ಲ… ಉಸಿರು ಕೊಡೂ ಚೀಲ, ಸಣ್ಣದು, ಮಗೂದು…” ಹಿಂದಿನ ಬಾಗಿಲು ತೆರೆದಿತ್ತು. ಒದ್ದೆ ತೋಳೊಂದು ಮೊದಲು ಬಟ್ಟೆ ಕೊಟ್ಟಿತು, ಆಮೇಲೆ ಮೂಗು ಚೊಕ್ಕ ಮಾಡುವ ರಬ್ಬರ್ ಬಲ್ಬು, ಆಮೇಲೆ ಚೀಲ. ಅವಳ ಬಾಯಿಂದ ಮಾತು ಬೀಳುವಷ್ಟರಲ್ಲಿ ಸಾಮಾನು ಕೈಗೆ ಬರುತ್ತಿತ್ತು. ಯಾರು ಕೊಡುತ್ತಿದ್ದಾರೆಂದು ನೋಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಚೀಲ ಒತ್ತಿದಳು. ಬಿಟ್ಟಳು. ಒತ್ತಿದಳು. ಹೊನ್ನಮ್ಮ ಅಳುವುದನ್ನೂ ನಿಲ್ಲಿಸಿದ್ದಳು. ಮಗುವಿನ ಎದೆ ಒಮ್ಮೆ ತಾನಾಗಿ ಏರಿತು, ತಡೆದು ಇನ್ನೊಮ್ಮೆ ಏರಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ. ಆಮೇಲೆ ಅಳು.

ಜಟ್ಟು ಬಾಗಿಲು ಹಾಕಿ ಮುಂದೆ ಹೋದ. ಬಿಣಗಾ ದಾಟಿ ಕಾರವಾರ ಸೇರುವವರೆಗೆ ಸಂಧ್ಯಾ ತಾಯಿಯ ರಕ್ತಸ್ರಾವ ನೋಡುತ್ತ, ಮಗುವನ್ನು ತಾಯಿಯ ಎದೆಗೆ ಒತ್ತಿ ಹಿಡಿದು ಕೂತಿದ್ದಳು. ಡಾಕ್ಟರು ಇಬ್ಬರನ್ನೂ ಒಳಗೆ ಒಯ್ದು, ಸ್ವಲ್ಪ ಹೊತ್ತಿನ ಮೇಲೆ ‘ಭಯವಿಲ್ಲ’ ಅಂದ ಮೇಲೇ ಅವಳು ಅಲ್ಲಿಂದ ಕದಲಿದ್ದು.

ಹೊರಗೆ ಜಟ್ಟು ಗಾಡಿಯ ಒಳಗು ತೊಳೆಯುತ್ತಿದ್ದ.

“ಜಟ್ಟಣ್ಣ, ಅಶೋಕ ಸರ್ ಹತ್ರ ಬೇರೆ ಡ್ರೈವರ್ ಕೇಳಿದ್ದೆ ನಾನು.”

“ಗೊತ್ತದೆ.”

“ಗೊತ್ತಿದ್ದೂ ಒಂದು ಮಾತು ಕೇಳಿಲ್ಲ ನೀವು!”

ಅವನು ಬಕೆಟ್ ಕೆಳಗಿಟ್ಟ. “ನಿಮ್ ಮಾತಿಂದ ನಂಗೆ ತ್ರಾಸ ಇಲ್ಲ ಸಿಸ್ಟರ್. ಹಿಂದೆ ಏನಾಗ್ತದೆ ಅಂತ ಅದ್ರಿಂದಲೇ ಗೊತ್ತಾಗೂದು. ಬಾಯಿಬಿಟ್ಟು ಹೇಳ್ತಾ ನಿಂತ್ರೆ ಹೊತ್ತಾಗ್ತದೆ ಅಂತ ಹೇಳದೇ ಇಳ್ದೆ.”

“ನೀವು ಇಳಿದ್ರಿ, ಒಳಗೆ ಆ ಹೆಣ್ಣುಮಗಳು ಹೆದರಿ ಸಾಯೂಕಾಯ್ತು. ನಾನೂ ಹೆದರಿದೆ. ನಿಮ್ಮ ಮನಸ್ಸಲ್ಲಿರೂದು ನಮಗೆ ಹೇಗೆ ಗೊತ್ತಾಗ್ಬೇಕು?”

ಜಟ್ಟು ಬಕೆಟಿನ ನೀರು ಚೆಲ್ಲಿದ. “ಅದು ನಂದು ತಪ್ಪೇ. ಇನ್ಮೇಲೆ ಇಳೀವಾಗ ಹೇಳ್ತೆ.”

ಆ ಸಂಜೆಯೇ ಸಂಧ್ಯಾ ಅಶೋಕನಿಗೆ ಫೋನ್ ಮಾಡಿ, ಡ್ರೈವರ್ ಬದಲಿಸುವುದು ಸದ್ಯಕ್ಕೆ ಬೇಡ ಅಂದಳು. “ಯಾಕೆ, ಸ್ವಭಾವ ಹೊಂದ್ತೇನು ಈಗ?” ಎಂದು ಅವನು ನಕ್ಕ. “ಹೊಂದೂದಿಲ್ಲ ಸರ್,” ಅಂದಳು ಅವಳು, “ಆದ್ರೂ ಇರಲಿ.”

ಬಣ್ಣಗಳ ಮೇಲಿನ ನಂಬಿಕೆಯನ್ನು ಅವಳೇನೂ ಬಿಡಲಿಲ್ಲ. ಈಗಲೂ ಹೊಸಬರು ಸಿಕ್ಕರೆ ಮನಸ್ಸಿನಲ್ಲೇ ಬಣ್ಣ ಹಚ್ಚುತ್ತಾಳೆ. ಗಣೇಶ ಚೌತಿಯ ಹೊತ್ತಿಗೆ ಜಟ್ಟು ಒಮ್ಮೆ ಮರೆತು ಹೇಳದೆ ಇಳಿದುಹೋದಾಗ, ಸಿಟ್ಟಿಗೆದ್ದ ಸಂಧ್ಯಾ ಮರುದಿನ ಸಂಜೆಯವರೆಗೆ ಅವನೊಡನೆ ಮಾತೇ ಆಡಲಿಲ್ಲ. ಅವನಿಗೆ ಅದು ಕಠಿಣ ಶಿಕ್ಷೆ ಎಂದು ಅವಳ ಲೆಕ್ಕ. ಡ್ಯೂಟಿ ಮುಗಿಯುವ ಹೊತ್ತಿಗೆ ಜಟ್ಟುವೇ ಕಿಟಕಿಯಲ್ಲಿ ಇಣುಕಿ, “ಹುಷಾರಿಲ್ಲವಾ ಸಿಸ್ಟರ್?” ಎಂದು ಕೇಳಿದ.