ಕೇಜಿಯಾಳ ಬೀಜಗಣಿತಕ್ಕಾಗಿ ಲವೋನಿಯಾಳ ದಂಡಯಾತ್ರೆ

ನಾರ್ತ್ ಕ್ಯಾರೊಲೈನಾದ ನಮ್ಮೂರ ಸರ್ಕಾರಿ ಶಾಲೆಯ ಊಟದ ಮನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸೌಟು ಹಿಡಿದಿರುವ ಲವೋನಿಯಾ ಟಿಬ್ಸ್ ಸುಲಭವಾಗಿ ಏನನ್ನೂ ನಂಬುವವಳಲ್ಲ. ಹಾಲಿನ ಡಬ್ಬಿಯ ಮೇಲಿನ ತಾರೀಖು ಓದಿದ ಮೇಲೂ ಮೂಸಿ ನೋಡುತ್ತಾಳೆ. ಪಾದ್ರಿಗಳು ವಚನ ಹೇಳಿದರೆ ಬೈಬಲ್ ತೆರೆದು ತಾಳೆ ಹಾಕುತ್ತಾಳೆ. ಅದೇ ಶಾಲೆಯಲ್ಲಿ ನೆಲ ಒರೆಸುವ ನಾನು "ಒರೆಸಾಯ್ತು" ಎಂದರೆ ಬೂಟಿನ ತುದಿಯಿಂದ ಉಜ್ಜಿ ಖಾತ್ರಿ ಮಾಡಿಕೊಳ್ಳುತ್ತಾಳೆ.

ಹೀಗಿರುವಾಗ, ಮೇ ತಿಂಗಳಲ್ಲಿ ಶಾಲೆಯಿಂದ ಬಂದ ಕಾಗದವನ್ನು ಆಕೆ ನಂಬುವುದುಂಟೇ? ಆಕೆಯೇ ಸಾಕುತ್ತಿರುವ, ಏಳನೇ ತರಗತಿ ಮುಗಿಸುತ್ತಿದ್ದ ಮೊಮ್ಮಗಳು ಕೇಜಿಯಾಗೆ ಗಣಿತದಲ್ಲಿ ನೂರಕ್ಕೆ ತೊಂಬತ್ತಾರು. ಆದರೂ ಎಂಟರಲ್ಲಿ ಬೀಜಗಣಿತ ಇಲ್ಲ, ಸಾಧಾರಣ ಗಣಿತವಂತೆ. ಕಾರಣ, ಶಿಕ್ಷಕರ ಶಿಫಾರಸು ಇಲ್ಲ. ಎಂಟರಲ್ಲಿ ಬೀಜಗಣಿತ ತಪ್ಪಿದವರು ಹೈಸ್ಕೂಲಿನ ಮೇಲಿನ ಗಣಿತ ಮುಟ್ಟುವುದು ಅಪರೂಪ. ಕೇಜಿಯಾಗೋ, ಸೇತುವೆ ಕಟ್ಟುವ ಎಂಜಿನಿಯರ್ ಆಗುವ ಆಸೆ.

ಬೀಜಗಣಿತದವರು ಊಟಕ್ಕೆ ಬರುವುದು ಮೊದಲ ಸರದಿಯಲ್ಲಿ. ಮರುದಿನ ಲವೋನಿಯಾ ಆಲೂಗಡ್ಡೆ ಬಡಿಸುತ್ತಲೇ ತಲೆ ಎಣಿಸಿದಳು. ಇಪ್ಪತ್ತೆಂಟರಲ್ಲಿ ಕಪ್ಪು ಮಕ್ಕಳು ಇಬ್ಬರೇ. ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಮ್ಮವರೇ.

"ಇದ್ರಲ್ಲಿ ಏನೋ ಇದೆ ಕಣೋ ಹೊರೇಸ್."

"ಏನೋ ಈ ವರ್ಷ ಹಾಗಾಗಿರ್ಬೋದು ಬಿಡಿ, ಸಿಸ್ಟರ್," ಎಂದೆ. ನಮ್ಮ ಚರ್ಚಿನಲ್ಲಿ ಹೆಂಗಸರನ್ನು ಕರೆಯುವುದೇ ಹಾಗೆ.

"ಹತ್ತೊಂಬತ್ತು ವರ್ಷದಿಂದ್ಲೂ 'ಈ ವರ್ಷಾನೇ' ಬಂದು ನನ್ ಮುಂದೆ ತಟ್ಟೆ ಹಿಡೀತಿದೆಯಾ?"

ಆ ವಾರವೇ ಶಿಕ್ಷಕರಿಗೆ ಔತಣವಿತ್ತು. ಮೇಜು ಅಲಂಕರಿಸಲು ಇಬ್ಬರು ಬಿಳಿಯ ತಾಯಂದಿರು ಬಂದಿದ್ದರು. ತಲೆಗೆ ಬಲೆ ಕಟ್ಟಿಕೊಂಡು ಬಡಿಸುವವಳಿಗೆ ಕಿವಿಯೂ ಇರುತ್ತದೆಂದು ಯಾರಿಗೆ ತಾನೇ ನೆನಪಿರುತ್ತದೆ?

"ನಮ್ ಟಕರ್‌ಗೂ ಶಿಫಾರಸು ಸಿಕ್ಕಿರ್ಲಿಲ್ಲ ಕಣೇ, ಎಪ್ಪತ್ತೊಂದು ಬಂದಿತ್ತು. ಶಿಫಾರಸು ಇಲ್ದಿದ್ರೂ ಸೇರಿಸ್ಕೊಳ್ಳಿ ಅಂತ ಹಳದಿ ಫಾರ್ಮಿಗೆ ಸಹಿ ಹಾಕ್ದೆ, ಬೀಜಗಣಿತಕ್ಕೆ ಸೇರಿಸ್ಕೊಂಡ್ರು. ಶುಕ್ರವಾರವೇ ಕೊನೇ ದಿನ, ನೀನೂ ಹಾಕು."

ಅಂದು ಗುರುವಾರ. ಲವೋನಿಯಾ ನೆಟ್ಟಗೆ ಶಾಲೆಯ ಆಫೀಸಿಗೆ ಹೊರಟಳು. ಏಪ್ರನ್ನೇ ಕವಚ, ಸೌಟೇ ಗದೆ. ಶಂಖ ಊದುವವರಿರಲಿಲ್ಲ, ಅಷ್ಟೆ. ನಾನು ಬಕೆಟ್ ಹಿಡಿದು ಹಿಂದೆ ನಡೆದೆ. ತರಗತಿಗಳ ಪಟ್ಟಿ ಮಾಡುವ ಮಿಸೆಸ್ ಪೆಲ್‌ಹ್ಯಾಮ್ ತಲೆ ಎತ್ತಿದರು.

"ಹಳದಿ ಫಾರ್ಮ್ ಕೊಡಿ, ಮೇಡಂ."

"ಯಾವ ಫಾರ್ಮ್, ಮಿಸ್ ಟಿಬ್ಸ್?"

"ಟಕರ್ ಅಮ್ಮಂಗೆ ಕೊಟ್ರಲ್ಲ, ಅದು."

"ಓ... ಅದನ್ನ ಕೇಳ್ದೋರಿಗೆ ಮಾತ್ರ ಕೊಡ್ತೀವಿ."

"ಇದೆ ಅಂತಾನೇ ಗೊತ್ತಿಲ್ದೋರು ಹೆಂಗ್ ಕೇಳ್ತಾರೆ?"

"ಕೇಜಿಯಾಗೆ ಕಷ್ಟ ಆಗ್ಬಾರ್ದು ಅಂತ ನಮ್ ಕಾಳಜಿ, ಅಷ್ಟೇ."

"ತೊಂಬತ್ತಾರಕ್ಕೆ ಕಷ್ಟ, ಎಪ್ಪತ್ತೊಂದಕ್ಕೆ ಸಲೀಸು! ಇದ್ಯಾವ ಗಣಿತ ಮೇಡಂ? ನಂಗೂ ಸ್ವಲ್ಪ ಹೇಳ್ಕೊಡಿ."

ಡ್ರಾಯರ್ ತೆರೆಯಿತು. ಒಳಗೆ ಒಂದು ಕಟ್ಟು ಹಳದಿ ಫಾರ್ಮುಗಳು! ಲವೋನಿಯಾ ಹಿಂದೆ ಮುಂದೆ ಎರಡೆರಡು ಸಲ ಓದಿ, ತನ್ನದೇ ಪೆನ್ನಿನಿಂದ ಸಹಿ ಮಾಡಿ, ಮುದ್ರೆ ಬೀಳುವ ತನಕ ಅಲ್ಲಾಡಲಿಲ್ಲ.

ಆಗಸ್ಟ್ ಕೊನೆಗೆ ಶಾಲೆ ತೆರೆದಾಗ ಕೇಜಿಯಾ ಮೊದಲ ಸರದಿಯಲ್ಲೇ ತಟ್ಟೆ ಹಿಡಿದು ಬಂದಳು. ಅಜ್ಜಿ ಒಂದು ಸೌಟು ಹೆಚ್ಚಿಗೆ ಹಾಕಿ, ಹಿಂದಿದ್ದವರತ್ತ ಕಣ್ಣಾಡಿಸಿದಳು.

"ಈಗಲಾದ್ರೂ ಸಮಾಧಾನ ಆಯ್ತಾ, ಸಿಸ್ಟರ್?" ಎಂದೆ.

"ಇವಳೂ ಸೇರಿ ನಮ್ಮೋರು ಮೂರೇ ಜನ ಕಣೋ. ಹಳದಿ ಫಾರ್ಮಿನ ವಿಷ್ಯ ಎಲ್ರಿಗೂ ಗೊತ್ತಾಗ್ಬೇಕು. ಭಾನುವಾರ ಪ್ರಾರ್ಥನೆ ಮುಗಿದ್ಮೇಲೆ ಏಳನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮ ಒಬ್ರೂ ಎದ್ದು ಹೋಗ್ಬಾರ್ದು. ಚರ್ಚ್ ಬಾಗಿಲಲ್ಲಿ ನೀನು ನಿಂತ್ಕೋ."

"ಆಗ್ಲಿ, ನಿಲ್ತೀನಿ."

"ಹಿಂಬಾಗಿಲಲ್ಲಿ ನಾನ್ ನಿಲ್ತೀನಿ," ಎಂದಳು ಲವೋನಿಯಾ.