ಅತ್ತೆ ಬರುವ ದಾರಿಗೆ ದೀಪ

ನಮ್ಮವ್ವನಿಗೆ ಸಂಜೆಯಾದರೆ ಎಲೆಅಡಿಕೆ ಬೇಕು. ಎಲೆಅಡಿಕೆಗೆ ಪಕ್ಕದ ಮನೆಯ ಅತ್ತೆ ಬೇಕು. ನೆಂಟಸ್ತಿಕೆಯಲ್ಲಿ ಏನೂ ಅಲ್ಲದಿದ್ದರೂ ಊರ ವಾಡಿಕೆಯಲ್ಲಿ ಆಕೆ ನನಗೆ ಅತ್ತೆ, ಅವ್ವನಿಗೆ ನಾದಿನಿ. ಮಂಡಿನೋವಿನ ಅವ್ವ ಗೇಟು ದಾಟಲಾರಳು, ಹಾಗಾಗಿ ಅತ್ತೆಯೇ ಬರಬೇಕು. ಕತ್ತಲಾಗುತ್ತಲೇ ಇಬ್ಬರೂ ದೀಪವಿಲ್ಲದ ಜಗಲಿಯಲ್ಲಿ ಕೂತು, ಗುರುಪುರದಿಂದ ಹುಣಸೂರಿನವರೆಗೆ ಒಬ್ಬರನ್ನೂ ಬಿಡದೆ ಆಡಿಕೊಳ್ಳುತ್ತಿದ್ದರು.

ಹೋದ ಮಳೆಗಾಲದಲ್ಲಿ ಅತ್ತೆ ನಮ್ಮ ಅಂಗಳದ ಕಲ್ಲು ಎಡವಿ ಕಾಲು ಊದಿಸಿಕೊಂಡರು. ಅವರು ಬಾರದ ದಿನಗಳಲ್ಲಿ ಅವ್ವ ಆ ಮಾತನ್ನೆಲ್ಲ ನಮ್ಮ ಮೇಲೆ ಖರ್ಚು ಮಾಡಿದಳು. ತಡೆಯಲಾರದೆ, ಗೇಟಿನಿಂದ ಜಗಲಿಯವರೆಗೆ ದೀಪ ಹಾಕುವುದೆಂದು ತೀರ್ಮಾನಿಸಿದೆ. ಹುಣಸೂರಿನಿಂದ ಪುಟ್ಟ ದೀಪಗಳು, ವಯರು, ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸುವ ಪೆಟ್ಟಿಗೆ ತಂದೆ. ಮಗು ಮುಟ್ಟಿದರೂ ಏನೂ ಆಗದಷ್ಟು ಸಾಧು ಕರೆಂಟು ಅದು.

ಗುದ್ದಲಿ ಹಿಡಿದು ಗೇಣುದ್ದ ಆಳಕ್ಕೆ ಅಗೆಯತೊಡಗಿದೆ. ಅವ್ವ ಜಗಲಿಯಿಂದಲೇ ಮೇಸ್ತ್ರಿಕೆ ಶುರುಮಾಡಿದಳು. “ಅಲ್ಲಿ ಅರಿಶಿನ ಅದೆ ಕಣ್ಲಾ! ಅಯ್ಯೋ, ಕನಕಾಂಬ್ರದ ಬುಡಕ್ಕೆ ಆಕ್ಬ್ಯಾಡ!” ನೆಟ್ಟಗೆ ಹೋಗಬೇಕಿದ್ದ ವಯರು ಅವ್ವನ ಗಿಡಗಳಿಗೆಲ್ಲ ಪ್ರದಕ್ಷಿಣೆ ಹಾಕಿತು. ಕೊನೆಯ ದೀಪ ಮುಟ್ಟುವಷ್ಟರಲ್ಲಿ ತಂದದ್ದು ಸಾಲದೆ ಮತ್ತೆ ಹುಣಸೂರಿಗೆ ಹೋಗಿಬಂದೆ.

ಸಂಜೆ ದೀಪ ಹತ್ತಿಸಿದೆ. ಅತ್ತೆ ಬಂದರು, ಗೇಟಿನಲ್ಲೇ ನಿಂತರು.

“ಏನ್ಲಾ ಮಗ, ಅಂದಿಗಾಕೋ ಕರೆಂಟ ಮನೆ ಬಾಗ್ಲಲ್ಲೇ ಊತ್‌ಬುಟ್ಟಿದ್ದೀಯ?”

ಕಾಡಂಚಿನ ನಮ್ಮೂರುಗಳಲ್ಲಿ ನೆಲದಲ್ಲಿ ವಯರು ಕಂಡರೆ ಜನಕ್ಕೆ ಹೊಳೆಯುವುದು ಅದೊಂದೇ, ಹೊಲಕ್ಕೆ ನುಗ್ಗುವ ಹಂದಿಗೆ ಇಟ್ಟ ಕರೆಂಟು. ಇದು ದೀಪದ ವಯರು, ಬನ್ನಿ ಅತ್ತೆ ಎಂದು ದೀಪದ ಬುಡದಲ್ಲಿ ಹೊರಗಿದ್ದ ವಯರನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ.

“ನಿನ್ ಕಾಲಲ್ಲಿ ಎಕ್ಕಡ ಅದೆ.”

ಎಕ್ಕಡ ಬಿಟ್ಟು, ಬರಿಗಾಲಲ್ಲಿ ನಿಂತು ಹಿಡಿದೆ.

“ಉರಿಯೋ ವಯರು ಬ್ಯಾರೆ, ಒಡಿಯೋ ವಯರು ಬ್ಯಾರೆ. ನಂಗೊತ್ತಿಲ್ವಾ? ನಾ ಬರಾಕಿಲ್ಲ ಬುಡು.”

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ವೋಲ್ಟು ಎಂದರೇನು ಎಂದು ಗೇಟಿನ ಬಳಿ ಪಾಠ ಮಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಒಂದು ವಾರ ಅತ್ತೆ ಒಳಗೆ ಕಾಲಿಡಲಿಲ್ಲ. ಅವ್ವ ಒಬ್ಬಳೇ ಎಲೆಗೆ ಸುಣ್ಣ ಸವರಿ, ತಿನ್ನದೆ ತಟ್ಟೆಯಲ್ಲೇ ಇಡುತ್ತಿದ್ದಳು. ಕೊನೆಗೆ ನನ್ನ ಮೇಲೆ ಹರಿಹಾಯ್ದಳು. “ಎಡವ್ಕೊಂಡಾದ್ರೂ ಬತ್ತಿದ್ಲು ಕಣ್ಲಾ! ನಿನ್ ದೀಪ ಇಟ್ಕೊಂಡು ನಾನೇನ್ ಮೊಕ ತೊಳೀಲಾ?” ನನಗೆ ನಿಜಕ್ಕೂ ಬೇಜಾರಾಯಿತು. ಮರುದಿನ ಎಲ್ಲ ಕಿತ್ತುಹಾಕುವುದೆಂದು, ಒಂದು ತುದಿಯ ಮಣ್ಣು ಸರಿಸಿಟ್ಟೆ.

ಆ ಸಂಜೆ ದೀಪಗಳು ಉರಿಯುತ್ತಿದ್ದಾಗಲೇ ಅತ್ತೆಯ ಮೇಕೆಮರಿ ನಮ್ಮ ಅಂಗಳಕ್ಕೆ ನುಗ್ಗಿತು. ಕನಕಾಂಬರ ಮುಗಿಸಿ, ಮಣ್ಣು ಸರಿಸಿದ್ದ ವಯರಿಗೆ ಬಾಯಿ ಹಾಕಿತು. ಅತ್ತೆ ಗೇಟಿನಿಂದ “ಅಯ್ಯೋ ನನ್ ಮರಿ!” ಎಂದು ಕಿರುಚುತ್ತಾ ಬರಿಗಾಲಲ್ಲಿ ಓಡಿಬಂದು, ಅದೇ ವಯರು ತುಳಿದು ನಿಂತು ಮರಿಯನ್ನು ಎತ್ತಿಕೊಂಡರು. ಮರಿ ಇನ್ನೂ ಅಗಿಯುತ್ತಲೇ ಇತ್ತು. ಅತ್ತೆ ತಮ್ಮ ಕಾಲು ನೋಡಿಕೊಂಡರು, ಮರಿಯ ಬಾಯಿ ನೋಡಿದರು. ಆಮೇಲೆ ಏನೂ ಆಗದವರಂತೆ ಜಗಲಿಗೆ ಬಂದು ಅವ್ವನ ಎದುರು ಕೂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕಣ್ಣಲ್ಲೇ ಗದರಿಸಿ ತಟ್ಟೆ ಮುಂದೆ ತಳ್ಳಿದಳು.

ಅತ್ತೆ ಎಲೆ ತೆಗೆದುಕೊಳ್ಳಲು ಬಗ್ಗಿದವರು, ಜಗಲಿಯ ಪಕ್ಕದ ದೀಪದ ಬೆಳಕಲ್ಲಿ ಅವ್ವನನ್ನು ನೋಡಿ ಚಾಚಿದ ಕೈಯನ್ನು ಹಾಗೇ ತಡೆದರು.

“ಅತ್ಗೆ, ಎಷ್ಟು ಮುದ್ಕಿ ಆಗೋಗಿದ್ದೀಯೆ ನೀನು!”

ಅವ್ವನೂ ಆಕೆಯ ಬೊಚ್ಚುಬಾಯನ್ನು, ಕುಳಿಬಿದ್ದ ಕಣ್ಣನ್ನು ದಿಟ್ಟಿಸಿದಳು.

“ಆ ದೀಪ ಆರ್ಸು ಮಗ,” ಅಂದಳು ಅವ್ವ, “ಬರೋಳು ಬಂದಾಯ್ತಲ್ಲ.”